ಮೂರು ಮಿಲಿಮೀಟರ್

"ತಗ್ಗಿದೆ," ಎಂದರು ವಿಮೆ ಏಜೆಂಟರು. ಎರಡು ಹಳಿ ಸೇರುವಲ್ಲಿ ಉಗುರು ಎಳೆದು ನೋಡಿ, ಮತ್ತೊಮ್ಮೆ ಎಳೆದರು. "ಒಂದು ಪ್ಲೇಟಿನಷ್ಟು ತಗ್ಗಿದೆ."

ಟೈಲ್ಸಿನವನು ಮೇಜಿನ ಅಂಚಿಗೆ ಕಣ್ಣು ತಂದು ನೋಡಿದ. ಅವನ ಹಳಿ ಕೆಳಗಿತ್ತು, ಪಕ್ಕದ ಹಳಿ ಮೇಲಿತ್ತು. ನಡುವೆ ಮೂರು ಮಿಲಿಮೀಟರ್ ಚಿಲ್ಲರೆ. ಪ್ಲಾಸ್ಟಿಕ್ ಇಟ್ಟಿಗೆಗಳಲ್ಲಿ ಅತಿ ತೆಳುವಾದದ್ದಕ್ಕೆ ಪ್ಲೇಟ್ ಅನ್ನುತ್ತಾರೆ, ಅದರ ದಪ್ಪ ಅಷ್ಟೇ. ಆಟದ ರೈಲಿಗೆ ಅಷ್ಟು ಸಾಕು. ಗೋಡೆಗೆ ಗುದ್ದಿದ ಹಾಗೆ ಗುದ್ದಿ ಮಗುಚಿಕೊಳ್ಳುತ್ತದೆ.

"ಹಾಳೇಲಿ ಇರೋ ಅಳತೆನೇ ಸಾರ್ ಇದು." ಅವನು ಅಂಗಿಯ ಜೇಬಿನಿಂದ ಕ್ಲಬ್ಬಿನವರು ಕೊಟ್ಟಿದ್ದ, ಮಡಿಕೆ ಬಿದ್ದ ಹಾಳೆ ತೆಗೆದ. ಹದಿನಾಲ್ಕು ತಿಂಗಳಿಂದ ಬಿಚ್ಚಿ ಮಡಚಿ ಅದರ ನಡು ಹರಿದಿತ್ತು.

"ಅಯ್ಯೋ, ಅದು ಹಳೇದಪ್ಪ! ಹಳಿ ಕೆಳಗೆ ಜಲ್ಲಿ ಬಣ್ಣದ ಒಂದು ಪದರ ಕೊಡೋದು ಅಂತ ಆಯ್ತಲ್ಲ. ಎಲ್ಲರೂ ಒಂದು ಪ್ಲೇಟ್ ಏರಿಸಿಕೊಂಡ್ರು. ಗುಂಪಲ್ಲಿ ಹಾಕಿದ್ವಿ, ನೋಡಿಲ್ವಾ?"

"ಯಾವ ಗುಂಪಲ್ಲಿ?"

ಏಜೆಂಟರು ಫೋನಿನ ಕಡೆ ಕೈ ಒಯ್ದು ಹಾಗೇ ನಿಲ್ಲಿಸಿದರು. ಆ ಗುಂಪಿಗೆ ಇವನನ್ನು ಸೇರಿಸಿರಲಿಲ್ಲ. ಸೇರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ ಅನ್ನುವುದೇ ಸರಿ. ಮೇಜು ಹೊರುವ ಕೆಲಸವಿದ್ದಾಗ ಏಜೆಂಟರೇ ಅವನಿಗೆ ಬೇರೆಯಾಗಿ ಫೋನು ಮಾಡುತ್ತಿದ್ದರು.

"ನಾನು ಬಾಯಲ್ಲಿ ಹೇಳಿದ್ದೆ ಅಂತ ನೆನಪು," ಎಂದು ಹೇಳಿ ಅವರು ಮುಂದಿನ ಮೇಜಿಗೆ ಹೋದರು.

ಆ ಕ್ಲಬ್ಬಿನ ಪದ್ಧತಿ ಸರಳ. ಒಬ್ಬೊಬ್ಬರು ಮನೆಯಲ್ಲಿ ಕೂತು ಮೇಜಿನಗಲದ ಒಂದೊಂದು ತುಂಡು ಊರನ್ನು ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ಕಟ್ಟಬೇಕು. ಅದಕ್ಕೆ ಮಾಡ್ಯೂಲ್ ಅಂತ ಹೆಸರು. ಆಸ್ಪತ್ರೆ ಕಟ್ಟು, ಕಾಡು ಕಟ್ಟು, ಸುಡುಗಾಡು ಕಟ್ಟು, ಕೇಳುವವರಿಲ್ಲ. ಆದರೆ ಎಡ ಅಂಚಿನಲ್ಲಿ ಒಳಬಂದ ಹಳಿ ಬಲ ಅಂಚಿನಲ್ಲಿ ಹೊರಹೋಗುವ ಜಾಗ, ಎತ್ತರ ಎಲ್ಲರದ್ದೂ ಒಂದೇ ಆಗಿರಬೇಕು. ಪ್ರದರ್ಶನದ ದಿನ ಎಲ್ಲವನ್ನೂ ತಂದು ಒಂದಕ್ಕೊಂದು ತಾಗಿಸಿದರೆ ದೊಡ್ಡದೊಂದು ಸುತ್ತು ಆಗುತ್ತದೆ. ರೈಲು ಒಬ್ಬರ ಊರಿಂದ ಇನ್ನೊಬ್ಬರ ಊರಿಗೆ ಹಾದು ಮತ್ತೆ ಹೊರಟಲ್ಲಿಗೇ ಬರುತ್ತದೆ.

ಟೈಲ್ಸಿನವನು ಈ ಕ್ಲಬ್ಬಿಗೆ ಬಂದದ್ದು ಮಂಡಿಯ ಮೇಲೆ. ಅಧ್ಯಕ್ಷರಾದ ದಂತವೈದ್ಯರ ಮಹಡಿಯ ಕೋಣೆಗೆ ನೆಲ ಹಾಕುತ್ತಿದ್ದಾಗ ಪಕ್ಕದಲ್ಲಿ ರೈಲು ಓಡುತ್ತಿತ್ತು. ಅವನು ಕರಣೆ ಕೈಲಿ ಹಿಡಿದುಕೊಂಡೇ ಅರ್ಧ ಗಂಟೆ ನೋಡಿದ್ದ. ಸಿಮೆಂಟು ಕೈಯಲ್ಲೇ ಒಣಗಿತ್ತು. ತಾನೂ ಸೇರಬಹುದಾ ಎಂದು ಕೇಳಿದಾಗ ದಂತವೈದ್ಯರಿಗೆ ನಗು ಬಂತು, ಆಮೇಲೆ ಯೋಚನೆ ಬಂತು. "ನಮ್ಮ ಸಭಾಂಗಣದ ನೆಲ ಓರೆ ಇದೆ, ರೈಲು ಒಂದು ಕಡೆ ಏರಕ್ಕಾಗದೆ ಒದ್ದಾಡುತ್ತೆ. ಮೊದಲು ಅದನ್ನ ಸರಿ ಮಾಡಿಕೊಡು, ಆಮೇಲೆ ನೋಡೋಣ." ಅವನು ಹನ್ನೆರಡು ಭಾನುವಾರ ತೆಗೆದುಕೊಂಡು ಸರಿ ಮಾಡಿಕೊಟ್ಟ. ಅಂದಿನಿಂದ ಅವನೂ ಸದಸ್ಯ. ಹೆಸರು ಟೈಲ್ಸ್. "ಟೈಲ್ಸ್, ಈ ಮೇಜಿನ ಕಾಲು ಅಲ್ಲಾಡ್ತಿದೆ ನೋಡು." ಉಳಿದವರು ಮೇಜಿನ ಮೇಲೆ ಊರು ಕಟ್ಟುವಾಗ ಅವನು ಮೇಜಿನ ಕೆಳಗೆ ಇರುತ್ತಿದ್ದ. ಒಬ್ಬೊಬ್ಬರ ಚಪ್ಪಲಿಯೂ ಅವನಿಗೆ ಮುಖದಷ್ಟೇ ಪರಿಚಯವಾಗಿತ್ತು.

ಇವತ್ತಿನ ಪ್ರದರ್ಶನದಲ್ಲಿ ಅವನದ್ದೂ ಮೇಜಿನ ಮೇಲೆ ಬರಬೇಕಿತ್ತು. ಅವನು ಕಟ್ಟಿದ್ದು ಅರ್ಧ ಎದ್ದ ಮನೆ. ಸೂರಿಲ್ಲ, ಬೇಕೆಂದೇ ಇಲ್ಲ. ಮೇಲಿಂದ ಬಗ್ಗಿ ನೋಡಿದರೆ ಐದು ಕೋಣೆಯ ನೆಲವೂ ಕಾಣಬೇಕು. ಕಾಳಿನಷ್ಟು ಚಿಕ್ಕ ಬಿಲ್ಲೆಗಳನ್ನು ಒಂದೊಂದಾಗಿ ಕೂರಿಸಿ ಒಂದು ಕೋಣೆಗೆ ಚೌಕುಳಿ, ಒಂದಕ್ಕೆ ಮೀನಿನ ಮೂಳೆಯಂತೆ ಓರೆ ಜೋಡಣೆ, ಬಚ್ಚಲಿಗೆ ನೀರು ಹೋಗುವ ಕಡೆಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟಿದ್ದ. ಬಣ್ಣ ಆರಿಸಿದವಳು ಹೆಂಡತಿ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಮಿಷನ್ನಿನ ಹಲಗೆಯ ಮೇಲೆ ಬಿಲ್ಲೆ ಹರವಿಕೊಂಡು, ಇದರ ಪಕ್ಕ ಇದು ಬೇಡ, ಅದು ಬರಲಿ ಅನ್ನುತ್ತಿದ್ದಳು. ಬಚ್ಚಲಿನ ನೀಲಿಯನ್ನು ಅವಳು ನಾಲ್ಕು ಸಲ ಕೀಳಿಸಿದ್ದಳು.

ಹನ್ನೊಂದು ಗಂಟೆಗೆ ಅವಳು ಬರುವವಳಿದ್ದಳು. ಜೊತೆಗೆ ಅವನ ಅಣ್ಣ. ಕಟ್ಟಡದ ಕಾಂಟ್ರಾಕ್ಟರ್ ಆದ ಈ ಅಣ್ಣನ ಕೈಕೆಳಗೆ ಅವನು ಹದಿನಾಲ್ಕನೇ ವಯಸ್ಸಿನಿಂದ ಕೆಲಸ ಮಾಡುತ್ತಿದ್ದ. ಅಣ್ಣ ತಮ್ಮನ ಮನೆಯ ಮೆಟ್ಟಿಲು ಹತ್ತಿ ಮೂರು ವರ್ಷವಾಗಿತ್ತು, ಬೇಕಾದಾಗ ಫೋನು ಮಾಡಿ ಬೈಯುತ್ತಿದ್ದ. ರೈಲಿನ ವಿಷಯ ತಿಳಿದ ದಿನದಿಂದ ಸೈಟಿನಲ್ಲಿ ಅದೇ ತಮಾಷೆ. "ಗಾರೆ ಕಲೆಸ್ರೋ, ನಮ್ಮ ಪಾಪು ಬೊಂಬೆ ಆಡಿ ಸುಸ್ತಾಗಿದೆ." ಕೊನೆಗೆ ಟೈಲ್ಸಿನವನು ರೇಗಿ, ಬಂದು ನೋಡು ಎಂದಿದ್ದ. "ಬರ್ತೀನಿ ಕಣೋ," ಎಂದಿದ್ದ ಅಣ್ಣ, ಹುಡುಗರೆಲ್ಲ ಕೇಳುವ ಹಾಗೆ. "ರೈಲು ನಿನ್ನ ಮನೆ ಮುಂದೆ ಹೋಗೋದು ಕಣ್ಣಾರೆ ನೋಡ್ತೀನಿ. ಹೋದ್ರೆ ಇನ್ನು ಬಾಯಿ ಬಿಡಲ್ಲ. ಹೋಗ್ಲಿಲ್ಲ ಅಂದ್ರೆ ಆ ಬೊಂಬೆಗಳನ್ನ ಗಾರೆಗೆ ಹಾಕಿ ಕಲೆಸ್ತೀನಿ."

ಈಗ ಎಂಟೂವರೆ.

ಹಳಿಯ ಕೆಳಗೆ ಒಂದು ಪದರ ಪ್ಲೇಟ್ ಕೊಟ್ಟರೆ ಮುಗಿಯುತ್ತಿತ್ತು. ಕ್ಲಬ್ಬಿನ ಡಬ್ಬಿಗಳಲ್ಲಿ ಅವು ರಾಶಿ ಇದ್ದವು. ಡಬ್ಬಿಗಳ ಉಸ್ತುವಾರಿ ನಿವೃತ್ತ ಹೆಡ್‌ಮಿಸ್ ಅವರದ್ದು.

"ಮೇಡಂ, ನಲವತ್ತು ಪ್ಲೇಟ್ ಸಾಕು. ಸಂಜೆ ಎಣಿಸಿ ವಾಪಸ್ ಕೊಡ್ತೀನಿ."

"ಬಣ್ಣದ ಪ್ರಕಾರ ಜೋಡಿಸಿಟ್ಟಿದ್ದೀನಲ್ಲ," ಎಂದರು ಹೆಡ್‌ಮಿಸ್, ಡಬ್ಬಿಯ ಮುಚ್ಚಳದ ಮೇಲೆ ಅಂಗೈ ಇಟ್ಟು. "ಒಬ್ಬರಿಗೆ ತೆಗೆದ್ರೆ ಎಲ್ಲರಿಗೂ ತೆಗೀಬೇಕಾಗುತ್ತೆ."

"ಬೇರೆ ಯಾರೂ ಕೇಳ್ತಿಲ್ವಲ್ಲ ಮೇಡಂ."

"ಕೇಳಬಹುದು."

ಅವನು ಮತ್ತೆ ಬೇಡಲಿಲ್ಲ. ಹೊರಗೆ ಹೋಗಿ ತನ್ನ ಸ್ಕೂಟರಿನ ಡಿಕ್ಕಿಯಿಂದ ಕೆಲಸದ ಚೀಲ ತಂದ. ಟೈಲ್ಸು ಹಾಸುವವರ ಹತ್ತಿರ ಸಣ್ಣ ಪ್ಲಾಸ್ಟಿಕ್ ಬೆಣೆಗಳಿರುತ್ತವೆ, ಒಂದು ಕಡೆ ಚೂಪು, ಇನ್ನೊಂದು ಕಡೆ ದಪ್ಪ, ಎಷ್ಟು ತೂರಿಸಿದರೆ ಅಷ್ಟು ಎತ್ತುತ್ತವೆ. ಹಳಿ ಏರಿಸಲಿಕ್ಕಾಗದಿದ್ದರೆ ಇಡೀ ಮನೆಯನ್ನೇ ಏರಿಸೋಣ ಎಂದುಕೊಂಡ. ಮಾಡ್ಯೂಲಿನ ಹಲಗೆಯ ಕೆಳಗೆ ಸುತ್ತಲೂ ಬೆಣೆ ತೂರಿಸುತ್ತ ಬಂದ. ಕೂದಲೆಳೆಯಷ್ಟು ಒತ್ತುವುದು, ಮಟ್ಟ ತೋರಿಸುವ ಲೆವೆಲ್ ಇಟ್ಟು ಅದರ ಗಾಜಿನೊಳಗಿನ ಗುಳ್ಳೆ ನೋಡುವುದು, ಮತ್ತೆ ಒತ್ತುವುದು. ಮುಕ್ಕಾಲು ಗಂಟೆಯಲ್ಲಿ ಎರಡು ತುದಿಯಲ್ಲೂ ಹಳಿಗೆ ಹಳಿ ಕೂತಿತು. ಏಜೆಂಟರು ಉಗುರು ಎಳೆದರು. ಏನೂ ಸಿಗಲಿಲ್ಲ. "ಭಲೇ!" ಎಂದರು, ಬಾಯಿ ತಪ್ಪಿ.

ಪರೀಕ್ಷೆಯ ರೈಲು ಹೊರಟಿತು. ಹೆಡ್‌ಮಿಸ್ಸರ ಉದ್ಯಾನ ದಾಟಿತು, ಏಜೆಂಟರ ಪೆಟ್ರೋಲ್ ಬಂಕು ದಾಟಿತು, ಅರ್ಧ ಕಟ್ಟಿದ ಮನೆಯ ಮುಂದೆ ಎಣ್ಣೆಯ ಮೇಲೆ ಜಾರಿದಂತೆ ಜಾರಿಹೋಯಿತು. ಸದ್ದೇ ಇಲ್ಲ. ಮುಂದಿನದು ದಂತವೈದ್ಯರ ಮಾಡ್ಯೂಲು, ನಾಲ್ಕು ಮಹಡಿಯ ಆಸ್ಪತ್ರೆ. ಅದರ ಆಚೆ ತುದಿ ದಾಟುವಾಗ 'ಟಕ್' ಎಂದಿತು. ಕೊನೆಯ ಬೋಗಿ ಕುಣಿಯಿತು.

"ಟೈಲ್ಸ್, ನಿನ್ನ ಬೆಣೆಯಿಂದ ನನ್ನದಕ್ಕೆ ತೊಂದರೆ ಆಗ್ತಿದೆ," ಎಂದರು ದಂತವೈದ್ಯರು.

ಇಲ್ಲಿ ಅವನು ಸುಮ್ಮನಿರಬೇಕಿತ್ತು. ಇಪ್ಪತ್ತೈದು ವರ್ಷ ಬೇರೆಯವರ ಮನೆಯಲ್ಲಿ ಮಂಡಿಯೂರಿ ಕೆಲಸ ಮಾಡಿದವನಿಗೆ ಅಷ್ಟು ಗೊತ್ತಿರಬೇಕಿತ್ತು. ಆದರೆ ಕೈಯಲ್ಲಿ ಲೆವೆಲ್ ಇತ್ತು. ಅದನ್ನು ಆಸ್ಪತ್ರೆಯ ಹಳಿಯ ಮೇಲೆ ಇಟ್ಟ. ಗುಳ್ಳೆ ಗೆರೆ ಬಿಟ್ಟು ಪಕ್ಕಕ್ಕೆ ಹೋಗಿ ನಿಂತಿತು.

"ನನ್ನಿಂದ ಅಲ್ಲ ಸಾರ್. ನಿಮ್ಮದೇ ಓರೆ. ಹಲಗೆ ಸೊಟ್ಟ ಆಗಿದೆ. ಬನ್ನಿ, ನೀವೇ ನೋಡಿ."

ಎಲ್ಲರೂ ನೋಡಿದರು. ಯಾರೋ ಒಬ್ಬರು ಕೆಮ್ಮಿದ ಹಾಗೆ ನಕ್ಕರು. ದಂತವೈದ್ಯರು ಗುಳ್ಳೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಅವರು ಎಂದೂ ದನಿ ಏರಿಸುವವರಲ್ಲ, ನೋವಾಗುವ ಮೊದಲು ನೋವಾಗಲ್ಲ ಎಂದು ಹೇಳಿ ಅಭ್ಯಾಸವಾದ ದನಿ ಅದು.

"ಸರಿಯಪ್ಪ. ನನ್ನದು ನಾನು ನೋಡಿಕೊಳ್ತೀನಿ. ಆದರೆ ಮಾಡ್ಯೂಲು ಮೇಜಿನ ಮೇಲೆ ಕೂರಬೇಕು ತಾನೆ? ನಿನ್ನದು ಬೆಣೆ ಮೇಲೆ ಕೂತಿದೆ. ಜನ ಮೇಜಿಗೆ ಒರಗ್ತಾರೆ, ಒಂದು ಬೆಣೆ ಜಾರಿದ್ರೆ ರೈಲು ಕೆಳಗೆ. ಏನಂತೀರಿ ಮೇಡಂ?"

"ನಿಯಮ ಅಂದ್ರೆ ನಿಯಮ," ಎಂದರು ಹೆಡ್‌ಮಿಸ್.

"ಜಾರಲ್ಲ ಸಾರ್. ಮನುಷ್ಯ ಹತ್ತಿ ನಿಂತ್ರೂ ಜಾರಲ್ಲ. ನಾನು ದಿನಾ ಮಾಡೋ ಕೆಲಸ ಇದು."

"ದಿನಾ ಮಾಡೋ ಕೆಲಸ ದಿನಾ ಮಾಡು. ಇಲ್ಲಿ ಬೇರೆ."

ಐದು ನಿಮಿಷದಲ್ಲಿ ಅರ್ಧ ಕಟ್ಟಿದ ಮನೆಯನ್ನು ಎತ್ತಿ, ಅದರ ಜಾಗಕ್ಕೆ ಮೂಲೆಯಲ್ಲಿದ್ದ ಬರೀ ಹಸಿರು ಹಲಗೆಯೊಂದನ್ನು ತಂದು ಇಟ್ಟರು. ಅದರ ಮೇಲೆ ಒಂದು ಗಿಡ ಸಹ ಇರಲಿಲ್ಲ, ಒಂದು ನೇರ ಹಳಿ ಅಷ್ಟೇ. ಅವನ ಮಾಡ್ಯೂಲಿಗೆ ಜಾಗವಿಲ್ಲದೆ, ಬಾಗಿಲ ಬಳಿ 'ಮುಟ್ಟಿ ಆಡಿ' ಎಂದು ಬರೆದಿದ್ದ ಮಕ್ಕಳ ಮೇಜಿನ ಮೇಲಿಟ್ಟರು.

"ಇಲ್ಲಿ ಇಟ್ರೆ ಮಕ್ಕಳು ಕಿತ್ತು ಹಾಕ್ತಾರೆ ಸಾರ್."

"ಇಟ್ಟಿಗೆ ಇರೋದೇ ಕೀಳೋಕೆ ಅಲ್ವೇನಯ್ಯಾ?" ದಂತವೈದ್ಯರು ಅವನ ಬೆನ್ನು ತಟ್ಟಿದರು. "ಬೇಡ ಅಂದ್ರೆ ಮನೆಗೆ ತಗೊಂಡು ಹೋಗು. ನಾನೇನು ಹಿಡ್ಕೊಂಡಿಲ್ಲ."

ಮಾಡ್ಯೂಲು ಹೊತ್ತು ತಂದ ಸರಕಿನ ಗಾಡಿ ಹೊರಟುಹೋಗಿ ಒಂದು ಗಂಟೆಯಾಗಿತ್ತು. ಅದಿದ್ದರೂ ಅವನು ಹೋಗುತ್ತಿರಲಿಲ್ಲ. ಬೆಣೆಗಳನ್ನು ಒಂದೊಂದಾಗಿ ಹೆಕ್ಕಿ ಚೀಲಕ್ಕೆ ಹಾಕಿಕೊಂಡ.

ಹತ್ತಕ್ಕೆ ಬಾಗಿಲು ತೆರೆದರು. ಮೊದಲು ಒಳಗೆ ನುಗ್ಗಿದ್ದು ಮಕ್ಕಳೇ. ಅವನು ಮೊದಮೊದಲು ಮೇಜಿನ ಪಕ್ಕ ನಿಂತು, "ಹುಷಾರು ಮರಿ, ಹುಷಾರು," ಎನ್ನುತ್ತಿದ್ದ. ಒಬ್ಬ ತಾಯಿ ಬೋರ್ಡು ತೋರಿಸಿ, "ಮುಟ್ಟಿ ಆಡಿ ಅಂತ ನೀವೇ ಬರ್ದಿದ್ದೀರಲ್ಲ?" ಎಂದಳು. ಆಮೇಲೆ ಅವನು ಅಲ್ಲಿಂದ ಸರಿದು ಹೋಗಿ ಎದುರು ಗೋಡೆಗೆ ಒರಗಿ ನಿಂತ. ಅಲ್ಲಿಂದ ಮಕ್ಕಳ ತಲೆಗಳಷ್ಟೇ ಕಾಣುತ್ತಿದ್ದವು.

ಅಣ್ಣ ಹನ್ನೊಂದಕ್ಕೆ ಸರಿಯಾಗಿ ಬಂದ. ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಎರಡು ಹೆಜ್ಜೆ ಹಿಂದೆ ಟೈಲ್ಸಿನವನ ಹೆಂಡತಿ.

"ಎಲ್ಲೋ ನಿಂದು?"

ನಿಜ ಹೇಳಲು ಬೇಕಾದಷ್ಟು ಹೊತ್ತಿತ್ತು. ಅಣ್ಣ ಕರವಸ್ತ್ರ ತೆಗೆದು ಮುಖ ಒರೆಸಿ, ಅದನ್ನು ಮಡಚಿ ಜೇಬಿಗೆ ಹಾಕುವವರೆಗೂ ಹೊತ್ತಿತ್ತು. ಕೈ ತಾನಾಗಿ ಎದ್ದಿತು ಎಂದು ಆಮೇಲೆ ಸಮಾಧಾನ ಹೇಳಿಕೊಳ್ಳಬಹುದು. ಕೈ ತಾನಾಗಿ ಏಳಲಿಲ್ಲ, ಅವನೇ ಎತ್ತಿದ.

"ಅದು," ಎಂದ. "ಆ ಆಸ್ಪತ್ರೆ."

ಹೆಂಡತಿ ಆಸ್ಪತ್ರೆ ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಕತ್ತು ತಿರುಗಿಸಿ ಒಂದೊಂದೇ ಮೇಜು ಹುಡುಕುತ್ತ ಹೋದಳು. ಬಾಗಿಲ ಬಳಿ ಅವಳ ಕಣ್ಣು ನಿಂತಿತು.

ಅಣ್ಣ ಆಸ್ಪತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ನಾಲ್ಕು ಮಹಡಿ, ಕಿಟಕಿಗೆ ಗಾಜು, ಒಳಗೆ ದೀಪ, ಮಂಚದ ಮೇಲೆ ರೋಗಿ. ರೈಲು ಬಂತು, ಆಸ್ಪತ್ರೆಯ ಮುಂದೆ ಹಾದುಹೋಯಿತು. ಕಟ್ಟಡವೆಂದರೇನು ಎಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆದೇ ಇತ್ತು.

"ಲೇ! ನಿಜವಾಗ್ಲೂ ನೀನೇ ಮಾಡಿದ್ದೇನೋ?"

"ಹೂಂ."

"ಕಂಬ ನೋಡು, ತೊಲೆ ನೋಡು. ಥೂ ನಿನ್ನ, ಒಂದು ದಿನ ಬಾಯಿ ಬಿಟ್ಟು ಹೇಳ್ಲಿಲ್ವಲ್ಲೋ!" ಅಣ್ಣ ಎದ್ದು ಅವನ ಹೆಗಲ ಮೇಲೆ ಕೈ ಹಾಕಿದ. ಇಪ್ಪತ್ತೈದು ವರ್ಷದಲ್ಲಿ ಆ ಕೈ ಅವನ ಮೈಮೇಲೆ ಬಿದ್ದದ್ದು ಬೇರೆ ಕಾರಣಕ್ಕೆ. ಹೀಗೆ ಹೆಗಲ ಮೇಲೆ ಬಂದು ಕೂತದ್ದು ಇದೇ ಮೊದಲು. ಭಾರವಾಗಿತ್ತು, ಬೆಚ್ಚಗಿತ್ತು. ಅದನ್ನು ಕಳೆದುಕೊಳ್ಳಲು ಟೈಲ್ಸಿನವನಿಗೆ ಮನಸ್ಸು ಬರಲಿಲ್ಲ.

"ಮತ್ತೆ ಅಲ್ಲಿ ಬಾಗಿಲ ಹತ್ರ ಬಿದ್ದಿದೆಯಲ್ಲ, ಅದ್ಯಾರದ್ದು?" ಅಣ್ಣ ಗದ್ದದಿಂದ ತೋರಿಸಿದ. "ಬರ್ತಾ ನೋಡ್ದೆ. ಸೂರೇ ಹಾಕಿಲ್ಲ. ಯಾವನೋ ಅರ್ಧಕ್ಕೆ ಬಿಟ್ಟು ಓಡಿಹೋದ ಕಾಂಟ್ರಾಕ್ಟರ್ ಇರ್ಬೇಕು!"

ಟೈಲ್ಸಿನವನು ನಕ್ಕ. ಅಣ್ಣನಿಗಿಂತ ಜೋರಾಗಿಯೇ ನಕ್ಕ. "ಯಾರೋ ಹೊಸಬ. ಕೆಲಸ ಬರಲ್ಲ ಅವನಿಗೆ."

"ನೆಲಕ್ಕೆ ಆ ಬಣ್ಣ ಯಾರಾದ್ರೂ ಹಾಕ್ತಾರೇನೋ? ಕಣ್ಣಿಗೆ ಹೊಡೆಯುತ್ತೆ."

"ಅದೇ ಮತ್ತೆ."

ಅಣ್ಣ ತಮ್ಮನ ಹೆಂಡತಿಯ ಕಡೆ ತಿರುಗಿದ. "ನಿನಗೆ ಗೊತ್ತಿತ್ತೇನಮ್ಮ, ಇವನು ಇಂಥವನು ಅಂತ?"

"ಇಲ್ಲ ಭಾವ," ಎಂದಳು ಅವಳು. "ಗೊತ್ತಿರಲಿಲ್ಲ."

ಆಗ ದಂತವೈದ್ಯರು ಚಹಾದ ಲೋಟ ಹಿಡಿದು ಆ ಕಡೆ ಬಂದರು. ಅಣ್ಣ ಯಾರನ್ನಾದರೂ ಹಿಡಿದು ಹೇಳಿಕೊಳ್ಳಲು ಕಾಯುತ್ತಿದ್ದ.

"ಸಾರ್, ಇಲ್ಲಿಗೆ ನೀವೇನಾ ದೊಡ್ಡೋರು? ಇದನ್ನ ಮಾಡಿದ್ದು ನಮ್ಮ ತಮ್ಮ ಸಾರ್! ನನ್ನ ಕೈಯಲ್ಲೇ ಬೆಳೆದ ಹುಡುಗ!"

ದಂತವೈದ್ಯರು ಆಸ್ಪತ್ರೆ ನೋಡಿದರು. ಟೈಲ್ಸಿನವನನ್ನು ನೋಡಿದರು. ಒಂದು ಗುಟುಕು ಚಹಾ ಕುಡಿದರು. ಬೈದು ಬಿಡಲಿ, ಎಲ್ಲರ ಮುಂದೆ ಕಳ್ಳ ಅನ್ನಲಿ, ಮುಗಿಯಲಿ ಅಂದುಕೊಂಡ ಟೈಲ್ಸಿನವನು. ದಂತವೈದ್ಯರು ಮುಗಿಸಲಿಲ್ಲ.

"ಹೌದು ಹೌದು," ಎಂದರು. "ಬಹಳ ಕಷ್ಟಪಟ್ಟಿದ್ದಾರೆ." ಆಮೇಲೆ ಸುತ್ತಲಿದ್ದ ಜನರ ಕಡೆ ತಿರುಗಿ ಕೈ ಬೀಸಿದರು. "ಬನ್ನಿ, ಬನ್ನಿ ಎಲ್ಲರೂ. ಕಟ್ಟಿದವರೇ ಇಲ್ಲಿದ್ದಾರೆ. ಅವರ ಬಾಯಿಂದಲೇ ಕೇಳೋಣ. ಹೇಳಿ ಸಾರ್, ಎಷ್ಟು ಇಟ್ಟಿಗೆ ಹಿಡೀತು?"

ಅವರು ಅವನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಏಳು... ಎಂಟು ಸಾವಿರ."

"ಹನ್ನೊಂದು ಸಾವಿರ ಅಂದಿದ್ರಿ ನನ್ನ ಹತ್ರ."

"ಹೌದು. ಹನ್ನೊಂದು."

"ಲಿಫ್ಟ್ ಓಡಿಸಿ ತೋರಿಸಿ. ಜನಕ್ಕೆ ಅದೇ ಇಷ್ಟ."

ಅವನು ಆಸ್ಪತ್ರೆಯ ಹಿಂದೆ ಕೈ ಹಾಕಿ ತಡಕಾಡಿದ. ಬೆರಳಿಗೆ ಸಿಕ್ಕಿದ್ದನ್ನು ಒತ್ತಿದ. ಆಂಬುಲೆನ್ಸಿನ ಬಾಗಿಲು ಕಳಚಿ ಬಿತ್ತು. ಯಾರೋ ನಕ್ಕರು. ಹೆಡ್‌ಮಿಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಏಜೆಂಟರು ನೆಲ ನೋಡುತ್ತಿದ್ದರು.

"ಗಾಬರಿ ಆಗಿದೆ ಪಾಪ," ಎಂದು ದಂತವೈದ್ಯರು ಮುಂದೆ ಬಗ್ಗಿ ಆಸ್ಪತ್ರೆಯ ತಾರಸಿಯ ನೀರಿನ ತೊಟ್ಟಿಯನ್ನೇ ಗುಂಡಿಯಂತೆ ಒತ್ತಿದರು. ಲಿಫ್ಟ್ ಏರಿತು. ಜನ ಚಪ್ಪಾಳೆ ತಟ್ಟಿದರು. ಅಣ್ಣ ಎಲ್ಲರಿಗಿಂತ ಮೊದಲು ತಟ್ಟಿದ.

"ಇನ್ನೊಂದೇ ಒಂದು," ಎಂದರು ದಂತವೈದ್ಯರು. "ಇಲ್ಲಿ ಹಳಿ ಸ್ವಲ್ಪ ಓರೆ ಇದೆ ಅಂತ ಬೆಳಿಗ್ಗೆ ಯಾರೋ ಹೇಳ್ತಿದ್ರು. ಹೌದಾ?"

ರೈಲು ಸುತ್ತು ಮುಗಿಸಿ ಬಂತು. ಆಸ್ಪತ್ರೆಯ ತುದಿಯಲ್ಲಿ 'ಟಕ್' ಎಂದಿತು.

"ಇಲ್ಲ ಸಾರ್," ಎಂದ ಟೈಲ್ಸಿನವನು.

"ಲೆವೆಲ್ ಇಟ್ಟು ನೋಡಿದ್ದೀರಾ?"

"ನೋಡಿದ್ದೀನಿ. ಮಟ್ಟವಾಗಿದೆ."

"ಎಲ್ಲರಿಗೂ ಕೇಳೋ ಹಾಗೆ ಹೇಳಿ, ಹಿಂದೆ ಇರೋರಿಗೆ ಕೇಳಿಸ್ಲಿಲ್ಲ."

"ಮಟ್ಟವಾಗಿದೆ ಸಾರ್!"

"ನಮ್ಮ ಹುಡುಗ ಲೆವೆಲ್ ತಪ್ಪೋನಲ್ಲ ಸಾರ್," ಎಂದ ಅಣ್ಣ.

ದಂತವೈದ್ಯರು ತಲೆದೂಗಿದರು. ಖಾಲಿ ಲೋಟವನ್ನು ಟೈಲ್ಸಿನವನ ಕೈಗೆ ಕೊಟ್ಟು, ಅವನಿಗೆ ಮಾತ್ರ ಕೇಳುವಂತೆ, "ಸಂಜೆ ಮೇಜು ಮಡಚೋಕೆ ಇರಬೇಕು," ಎಂದು ಹೇಳಿ ಹೋದರು. ಜನ ಇನ್ನೂ ಸುತ್ತ ನಿಂತಿದ್ದರು. ಒಬ್ಬರು ಗಾಜು ಹೇಗೆ ಕೂರಿಸಿದಿರಿ ಎಂದು ಕೇಳಿದರು. ಅವನು ಹೇಳತೊಡಗಿದ. ಹೇಳುತ್ತ ಹೇಳುತ್ತ ದನಿ ಗಟ್ಟಿಯಾಯಿತು. ಮೂರನೆಯ ಪ್ರಶ್ನೆಯ ಹೊತ್ತಿಗೆ ಅವನು ಕೈ ಆಡಿಸಿ ಮಾತಾಡುತ್ತಿದ್ದ.

ಹೆಂಡತಿ ಅಲ್ಲಿರಲಿಲ್ಲ. ಅವಳು ಮಕ್ಕಳ ಮೇಜಿನ ಬಳಿ, ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತಿದ್ದಳು. ಮನೆಯ ಗೋಡೆಗಳು ಆಗಲೇ ಹೋಗಿದ್ದವು. ಒಬ್ಬ ಹುಡುಗ ಹಳಿಯನ್ನು ಕತ್ತಿ ಮಾಡಿಕೊಂಡಿದ್ದ. ಉಳಿದದ್ದು ನೆಲ, ಅದೂ ಮೂರು ಕೋಣೆಯದ್ದು.

"ಆಂಟಿ, ಇದನ್ನೂ ತೆಗೀಲಾ?" ಎಂದು ಕೇಳಿತು ಒಂದು ಹೆಣ್ಣುಮಗು, ಬಚ್ಚಲಿನ ಮೇಲೆ ಬೆರಳಿಟ್ಟು.

"ತೆಗಿ."

ನೀಲಿ ಬಿಲ್ಲೆಗಳು ಸುಲಭಕ್ಕೆ ಬರಲಿಲ್ಲ. ಒಂದಕ್ಕೊಂದು ಬಿಗಿಯಾಗಿ ಕೂತಿದ್ದವು. ಮಗು ಉಗುರಿನಿಂದ ಕೆದಕಿತು, ನೆಲದ ತುಂಡನ್ನೇ ಎತ್ತಿ ಮೇಜಿಗೆ ಕುಟ್ಟಿತು, ಕೊನೆಗೆ ಬಾಯಿಗಿಟ್ಟು ಹಲ್ಲಿನಿಂದ ಕಚ್ಚಿ ಎಳೆಯಿತು. ಅವಳು ಅದನ್ನು ಮೆಲ್ಲಗೆ ಮಗುವಿನ ಬಾಯಿಂದ ಬಿಡಿಸಿಕೊಂಡಳು. ಎಂಜಲನ್ನು ತನ್ನ ತೋಳಿಗೆ ಒರೆಸಿದಳು. ಹೆಬ್ಬೆರಳಿನ ಉಗುರನ್ನು ಅಂಚಿನಲ್ಲಿ ತೂರಿಸಿ, ಮೊದಲ ಬಿಲ್ಲೆಯನ್ನು ಎಬ್ಬಿಸಿ ಮಗುವಿನ ಅಂಗೈಗೆ ಹಾಕಿದಳು. ಮಗು ಅದನ್ನು ಮೇಜಿನ ಮೇಲಿಟ್ಟು, ಇನ್ನೊಂದಕ್ಕಾಗಿ ಮತ್ತೆ ಕೈಯೊಡ್ಡಿತು.